ಕಾಡುಗೊಲ್ಲ ಎಂಬ ಹೆಸರೂ ರಾಜ್ಯದ ಅನುಸೂಚಿಯೂ

ಒಂದು ಜನಾಂಗದ ಹೆಸರನ್ನು ನಿರ್ಣಯಿಸತಕ್ಕವರು ಯಾರು? ಆ ಜನಾಂಗದವರೇ, ನೆರೆಯವರೇ, ಅಥವಾ ಆಳುವ ಪ್ರಭುತ್ವವೇ? ಶಬ್ದಶಾಸ್ತ್ರದ ಪ್ರಶ್ನೆಯಂತೆ ತೋರುವ ಇದು ನಮ್ಮ ಕಾಲದಲ್ಲಿ ಅನೇಕರ ಜೀವನದ ಪ್ರಶ್ನೆಯಾಗಿ ಪರಿಣಮಿಸಿದೆ. ಬುಡಕಟ್ಟಿನ ಜನಗಳಿಗೂ ಭಾರತ ಸರ್ಕಾರಕ್ಕೂ ಇರುವ ಸಂಬಂಧವು ಬಹುಮಟ್ಟಿಗೆ ಒಂದು ಪಟ್ಟಿಯಲ್ಲಿ ಬರೆದ ಹೆಸರನ್ನು ಆಶ್ರಯಿಸಿರುವುದೇ ಇದಕ್ಕೆ ಕಾರಣ. ಬೀರೂರು, ಕಡೂರು ಸೀಮೆಯಿಂದ ಚಿತ್ರದುರ್ಗ, ತುಮಕೂರುಗಳವರೆಗೆ ಹಟ್ಟಿಗಳಲ್ಲಿ ವಾಸಿಸುವ ಕಾಡುಗೊಲ್ಲರ ನಿದರ್ಶನದಿಂದ ಇದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪಟ್ಟಿಯ ಸ್ವರೂಪವನ್ನು ತಿಳಿಯಬೇಕು. ಸಂವಿಧಾನದ 342ನೆಯ ಅನುಚ್ಛೇದದಂತೆ ಪರಿಶಿಷ್ಟ ಪಂಗಡಗಳು ಯಾವುವೆಂಬುದನ್ನು ರಾಷ್ಟ್ರಪತಿಗಳು ರಾಜ್ಯಪಾಲರೊಡನೆ ಸಮಾಲೋಚಿಸಿ ಪ್ರಕಟಿಸುವರು. ಅನಂತರ ಅದಕ್ಕೆ ಹೆಸರನ್ನು ಸೇರಿಸುವ ಅಥವಾ ಅದರಿಂದ ತೆಗೆಯುವ ಅಧಿಕಾರವು ಸಂಸತ್ತಿಗೆ ಮಾತ್ರ ಸೇರಿದ್ದು. ಮೊದಲನೆಯ ಆದೇಶವು ಹೊರಟದ್ದು 1950ರಲ್ಲಿ. ಯಾರನ್ನು ಬುಡಕಟ್ಟೆನ್ನಬೇಕೆಂಬುದಕ್ಕೆ 1965ರ ಲೋಕೂರ್ ಸಮಿತಿಯು ಐದು ಲಕ್ಷಣಗಳನ್ನು ಹೇಳಿತು: ಆದಿಮ ಚಿಹ್ನೆಗಳು, ವಿಶಿಷ್ಟವಾದ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಇತರರ ಸಂಪರ್ಕದಲ್ಲಿ ಸಂಕೋಚ, ಹಿಂದುಳಿದಿರುವಿಕೆ. 1999ರಲ್ಲಿ ಗೊತ್ತುಪಡಿಸಿದ ಕ್ರಮದಂತೆ ರಾಜ್ಯವು ಶಿಫಾರಸು ಮಾಡಬೇಕು. ಅದಕ್ಕೆ ಭಾರತದ ರಿಜಿಸ್ಟ್ರಾರ್ ಜನರಲ್ಲರೂ ರಾಷ್ಟ್ರೀಯ ಆಯೋಗವೂ ಒಪ್ಪಬೇಕು. ಆಮೇಲೆ ವಿಧೇಯಕವು ಸಂಸತ್ತಿನ ಮುಂದೆ ಬರಬೇಕು.

ಇನ್ನು ಶಬ್ದದ ವಿಚಾರ. 'ಗೋಪಾಲ' ಶಬ್ದದ ತದ್ಭವವೆಂದು ಹೇಳಲಾಗುವ 'ಗೊಲ್ಲ' ಎಂಬುದು ವೃತ್ತಿಸೂಚಕವಾದುದು. ದನ ಕಾಯುವವನೆಂದು ಅದರ ಅರ್ಥ. ಇದಕ್ಕೆ 'ಕಾಡು' ಸೇರಿದೊಡನೆ ಕಾಡಿನಲ್ಲಿರುವ ಗೊಲ್ಲನೆಂಬ ಅವಯವಾರ್ಥ ಮಾತ್ರ ಹುಟ್ಟುವುದೆಂದು ಕೆಲವರು ಭಾವಿಸುವರು. ಹಾಗಾದರೆ ಊರಿಗೆ ಬಂದು ನೆಲೆಸಿದ ಕಾಡುಗೊಲ್ಲನು ಕಾಡುಗೊಲ್ಲನಲ್ಲವೆಂದೂ, ಅಡವಿಯಲ್ಲಿ ದನ ಮೇಯಿಸುವ ಬೇರೆಯವನು ಕಾಡುಗೊಲ್ಲನೆಂದೂ ಹೇಳಬೇಕಾದೀತು. ಲೋಕದ ರೂಢಿ ಹಾಗಿಲ್ಲ. ಕೆಸರಿನಲ್ಲಿ ಹುಟ್ಟಿದ್ದೆಲ್ಲವೂ 'ಪಂಕಜ'ವಲ್ಲ, ತಾವರೆಯೊಂದೇ ಪಂಕಜ. ಹಾಗೆಯೇ 'ಕಾಡುಗೊಲ್ಲ' ಎಂಬುದು ಯೋಗರೂಢವಾದ ಶಬ್ದ.

ಇದು ಕೇವಲ ವ್ಯಾಕರಣದ ಊಹೆಯಲ್ಲ. ಊರುಗೊಲ್ಲರಿಗೂ ಕಾಡುಗೊಲ್ಲರಿಗೂ ಕೊಳುಕೊಡೆಯಿಲ್ಲವೆಂಬುದನ್ನು ಬಿ. ಎಲ್. ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿಯೇ ಗುರುತಿಸಿದ್ದಾರೆ. ಊರಿನಿಂದ ಹೊರಗೆ ಹಟ್ಟಿ ಕಟ್ಟಿ ಬಾಳುವುದು, ಜುಂಜಪ್ಪ, ಎತ್ತಪ್ಪ ಮೊದಲಾದ ವೀರರನ್ನು ದೈವವಾಗಿ ಕಂಡು ಅವರ ಕಥೆಗಳನ್ನು ಹಾಡುವುದು, ನೀಳವಾದ ಬಿದಿರಿನ ಗಣೆಯನ್ನು ಊದುವುದು, ಇವೆಲ್ಲವೂ ಇವರ ಪ್ರತ್ಯೇಕತೆಗೆ ಸಾಕ್ಷಿ. ತೀ. ನಂ. ಶಂಕರನಾರಾಯಣರು ಇವರ ಸಂಪ್ರದಾಯಗಳನ್ನೂ ನಂಬಿಕೆಗಳನ್ನೂ ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ರಾಜ್ಯ ಸರ್ಕಾರವು 2014ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. 2020ರಲ್ಲಿ ಇವರ ಹೆಸರಿನಲ್ಲಿ ಅಭಿವೃದ್ಧಿ ನಿಗಮವನ್ನೂ ಘೋಷಿಸಿತು. ಆದರೂ 2024 ಮುಗಿದಾಗ ಪಟ್ಟಿಯಲ್ಲಿ ಇವರ ಹೆಸರಿರಲಿಲ್ಲ. ಒಂದೇ ಹೆಸರು ಒಂದು ಕಚೇರಿಯಲ್ಲಿ ಸಾಧು, ಇನ್ನೊಂದರಲ್ಲಿ ಅಸಾಧು!

ಪಟ್ಟಿಯ ಶಬ್ದಗಳಿಗೆ ನ್ಯಾಯಾಲಯಗಳು ಹೇಗೆ ಅರ್ಥ ಮಾಡಿವೆಯೆಂಬುದೂ ವಿಚಾರಾರ್ಹ. ಮೈಸೂರಿನ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 'ಭೋವಿ' ಎಂದಿತ್ತು, 'ವಡ್ಡ' ಎಂದಿರಲಿಲ್ಲ. ವಡ್ಡರನ್ನು ಬೋಯಿ ಎಂದು ಕರೆಯಬೇಕೆಂದು ಮೈಸೂರು ಸರ್ಕಾರವು 1946ರಲ್ಲಿಯೇ ಆಜ್ಞಾಪಿಸಿದ್ದುದನ್ನು ಗಮನಿಸಿ, ಆ ಹೆಸರಿನಿಂದ ಅವರೇ ವಿವಕ್ಷಿತರೆಂದು ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ ಅಂಗೀಕರಿಸಿತು. ಅಲ್ಲಿ ರೂಢಿಗೆ ಮಾನ್ಯತೆ ದೊರೆಯಿತು. 2000ದಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ 'ಹಲಬಾ' ಎಂದಿರುವಲ್ಲಿ 'ಹಲಬಾ ಕೋಷ್ಟಿ' ಎಂದು ಸೇರಿಸಿ ಓದಲಾಗದು, ಪಟ್ಟಿಯನ್ನು ಇದ್ದಂತೆಯೇ ಓದಬೇಕು ಎಂದು ಅದೇ ನ್ಯಾಯಾಲಯವು ನಿರ್ಣಯಿಸಿತು. ಅಲ್ಲಿಂದೀಚೆಗೆ ಉಳಿದ ದಾರಿ ಸಂಸತ್ತಿನದೊಂದೇ. ಬೆಟ್ಟಕುರುಬರು ಆ ದಾರಿಯಿಂದಲೇ ಸಫಲರಾದರು. ಪಟ್ಟಿಯಲ್ಲಿ 'ಕಾಡು ಕುರುಬ' ಎಂದಷ್ಟೇ ಇದ್ದುದಕ್ಕೆ 'ಬೆಟ್ಟ ಕುರುಬ' ಎಂಬ ಪರ್ಯಾಯ ಪದವನ್ನು ಸೇರಿಸುವ ವಿಧೇಯಕವನ್ನು ಸಂಸತ್ತು 2022ರ ಡಿಸೆಂಬರಿನಲ್ಲಿ ಅಂಗೀಕರಿಸಿತು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಬಾಣಂತಿಯರನ್ನೂ ಮುಟ್ಟಾದ ಹೆಂಗಸರನ್ನೂ ಹಟ್ಟಿಯ ಹೊರಗೆ ಇರಿಸುವ ಪದ್ಧತಿಯು ಕಾಡುಗೊಲ್ಲರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದು ತೊಲಗಬೇಕೆಂದು ಶ್ರಮಿಸುವವರು ಆ ಹಟ್ಟಿಗಳಲ್ಲಿಯೇ ಇದ್ದಾರೆ. ಆದರೆ ಲೋಕೂರ್ ಸಮಿತಿಯ ಲಕ್ಷಣಗಳನ್ನು ಅಕ್ಷರಶಃ ಹಿಡಿದರೆ ಈ ಪದ್ಧತಿಯೇ 'ಆದಿಮ ಚಿಹ್ನೆ'ಗೆ ಪ್ರಮಾಣವಾಗಿಬಿಡುತ್ತದೆ. ತಿದ್ದಿಕೊಂಡರೆ ಲಕ್ಷಣಹಾನಿ, ತಿದ್ದಿಕೊಳ್ಳದಿದ್ದರೆ ಹೆಣ್ಣುಮಕ್ಕಳಿಗೆ ಹಾನಿ. ನೊಂದವರನ್ನು ಎತ್ತುವುದಕ್ಕಾಗಿ ಹುಟ್ಟಿದ ಪಟ್ಟಿಯು ಅವರ ನೋವನ್ನೇ ಅರ್ಹತೆಯೆಂದು ಕೇಳುವುದು ಯುಕ್ತವೆ? 1989ರ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 169ನೆಯ ಒಡಂಬಡಿಕೆಯು ಜನರ ಆತ್ಮಪ್ರತ್ಯಯವನ್ನು, ಎಂದರೆ ತಾವು ಇಂಥವರೆಂಬ ಅವರ ಸ್ವಂತ ತಿಳಿವನ್ನು, ಮೂಲಭೂತ ಲಕ್ಷಣವೆಂದು ಹೇಳುತ್ತದೆ. ಭಾರತವು ಅದನ್ನು ಸ್ಥಿರೀಕರಿಸಿಲ್ಲವಾದರೂ ಅದರ ತತ್ತ್ವವು ಪರಿಶೀಲನಾರ್ಹವಾದುದು.

ಆತ್ಮಪ್ರತ್ಯಯವೊಂದೇ ಸಾಲದು, ಯಾರು ಬೇಕಾದರೂ ಯಾವ ಹೆಸರನ್ನಾದರೂ ಹೇಳಿಕೊಂಡಾರು ಎಂಬ ಆಕ್ಷೇಪವು ನಿರಾಧಾರವಲ್ಲ. ಆದುದರಿಂದಲೇ ಅದಕ್ಕೆ ರೂಢಿಯ ಸಾಕ್ಷ್ಯವು ಬೇಕು. ಆ ಸಾಕ್ಷ್ಯವು ಹಾಡು, ಕುಲನಾಮ, ಹಟ್ಟಿಯ ಕಟ್ಟಳೆ, ಕೊಳುಕೊಡೆಗಳಲ್ಲಿದೆ. ಇವನ್ನು ಶೋಧಿಸಿ, ಶಬ್ದಾರ್ಥವನ್ನು ನಿಷ್ಪಕ್ಷಪಾತವಾಗಿ ನಿರ್ಣಯಿಸಬಲ್ಲವರು ಭಾಷೆ ಸಾಹಿತ್ಯಗಳ ಅಭ್ಯಾಸಿಗಳು. ಹಳೆಯ ಕಾವ್ಯದ ಒಂದು ಪಾಠಾಂತರಕ್ಕಾಗಿ ವರ್ಷಗಟ್ಟಲೆ ವಾದಿಸುವ ನಾವು, ಬದುಕಿರುವ ಜನರ ಹೆಸರಿನ ಪಾಠವನ್ನು ಶುದ್ಧಗೊಳಿಸುವುದಕ್ಕೂ ಅಷ್ಟೇ ಶ್ರದ್ಧೆಯನ್ನು ತೋರಬೇಕೆಂದು ವಿದ್ವಾಂಸರಲ್ಲಿ ವಿಜ್ಞಾಪಿಸುತ್ತೇನೆ.