ಟಯರು ದೊಡ್ಡದಾದರೆ ಮೀಟರಿನ ಮುಳ್ಳು ಏಕೆ ತಪ್ಪುತ್ತದೆ?

ಸೇಲಂ ಜಿಲ್ಲೆಯಲ್ಲಿ ಮೆಟ್ಟೂರಿನ ಕಡೆಗಿರುವ ನಂಗವಳ್ಳಿಯ ಹೆಸರು ನಮ್ಮ ಓದುಗರಲ್ಲಿ ಹಲವರಿಗೆ ಹೊಸದು. ತಮಿಳಿನ ನಡುವೆ ಇದ್ದೂ ಮನೆಯೊಳಗೆ ಕನ್ನಡವನ್ನೇ ಆಡುವ ದೇವಾಂಗ ನೇಕಾರ ಕುಟುಂಬಗಳು ಆ ಭಾಗದಲ್ಲಿವೆ. ಕಾಸರಗೋಡಿನ ನಮಗೆ ಮಲಯಾಳ ಹೇಗೋ ಅವರಿಗೆ ತಮಿಳು ಹಾಗೆ. ಅಲ್ಲಿನ ಪರಿಚಿತರೊಬ್ಬರ ಮನೆಗೆ ಹೋಗಿದ್ದಾಗ ಕಿವಿಗೆ ಬಿದ್ದ ಒಂದು ಮಾತು ಈ ಬರಹಕ್ಕೆ ಕಾರಣವಾಯಿತು.

ಮನೆಯ ಮುಂಭಾಗದಲ್ಲಿ ಮಗ್ಗ, ಹಿತ್ತಲಿನ ತಗಡಿನ ಮಾಡಿನ ಕೆಳಗೆ ಜೀಪು. ಮನೆಯ ಮೊಮ್ಮಗ ಹಳೆಯ ನೋಂದಣಿಯ ಜೀಪೊಂದನ್ನು ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನು ಕಂಡಕಂಡಲ್ಲಿಂದ ತಂದು ಮತ್ತೆ ಕಟ್ಟುತ್ತಿದ್ದ. ಗೇರ್‌ಬಾಕ್ಸು ಒಂದು ಕಡೆಯದು, ಸ್ಪೀಡೋಮೀಟರು ಇನ್ನೊಂದು ಕಡೆಯದು. ಟಯರು ಮಾತ್ರ ಇನ್ನೂ ಕೊಂಡಿರಲಿಲ್ಲ.

"ದೊಡ್ಡದೇ ಹಾಕಿಸ್ತೀನಿ ತಾತ, ನೋಡೋಕೆ ಗತ್ತಾಗಿರುತ್ತೆ."

"ಹಾಕಿಸಪ್ಪ. ಆದ್ರೆ ದೊಡ್ಡದು ಹಾಕಿದ್ದು ನಿನ್ನ ಮೀಟರಿಗೆ ಹೇಗೆ ಗೊತ್ತಾಗ್ಬೇಕು?"

ಜೀಪು ಓಡಿಸಿ ಗೊತ್ತಿಲ್ಲದ ಆ ಹಿರಿಯರಿಗೆ ಈ ಪ್ರಶ್ನೆ ಹೊಳೆದದ್ದು ಮಗ್ಗದಿಂದ. ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ಮರದ ದಿಂಡು ಮೊದಲ ದಿನ ತೆಳ್ಳಗಿರುತ್ತದೆ. ಬಟ್ಟೆ ಸುತ್ತಿದಂತೆಲ್ಲ ಅದು ದಪ್ಪವಾಗುತ್ತದೆ, ಒಂದು ಸುತ್ತಿಗೆ ಹೆಚ್ಚು ಬಟ್ಟೆಯನ್ನು ಎಳೆದುಕೊಳ್ಳುತ್ತದೆ. ಬರೀ ಸುತ್ತು ಎಣಿಸಿ ಇಷ್ಟು ಗಜ ನೇಯ್ದೆ ಎಂದರೆ ಲೆಕ್ಕ ತಪ್ಪುತ್ತದೆ. ಸ್ಪೀಡೋಮೀಟರು ಮಾಡುವುದು ಇದೇ ಕೆಲಸ. ಅದು ರಸ್ತೆಯನ್ನು ಅಳೆಯುವುದಿಲ್ಲ, ಸುತ್ತನ್ನು ಎಣಿಸುತ್ತದೆ. ಒಂದು ಸುತ್ತಿಗೆ ಇಷ್ಟು ದೂರ ಎಂದು ಕಾರ್ಖಾನೆಯಲ್ಲಿ ಒಮ್ಮೆ ಕಲಿಸಿದ್ದನ್ನೇ ಅದು ಕೊನೆಯವರೆಗೂ ನಂಬುತ್ತದೆ.

ಬಿಡಿಭಾಗ ಕೊಂಡು ಮನೆಯಲ್ಲೇ ಕಾರು ಕಟ್ಟುವ ಹವ್ಯಾಸ ಇಂಗ್ಲೆಂಡಿನಲ್ಲಿ ಹಳೆಯದು. 1957ರಲ್ಲಿ ಬಂದ ಲೋಟಸ್ ಸೆವೆನ್ ಅಂಥ ಕಾರುಗಳಲ್ಲಿ ಹೆಸರಾದದ್ದು. ಕಟ್ಟಿದ ಕಾರಿಗೆ ಬೀಳುತ್ತಿದ್ದ ತೆರಿಗೆ ಬಿಡಿಭಾಗಗಳಿಗೆ ಬೀಳುತ್ತಿರಲಿಲ್ಲ, ಗುಟ್ಟು ಅಷ್ಟೇ. ನಮ್ಮಲ್ಲಿ ಆ ಹವ್ಯಾಸದ ಜಾಗವನ್ನು ಜೀಪು ತುಂಬಿದೆ. ಪೈವಳಿಕೆ, ಎಣ್ಮಕಜೆ, ದೇಲಂಪಾಡಿಯ ಗುಡ್ಡದ ದಾರಿಗಳನ್ನು ಬಲ್ಲವರಿಗೆ ಜೀಪಿನ ಉಪಯೋಗವನ್ನು ಹೇಳಬೇಕಾಗಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಟಯರಿನ ಬದಿಯಲ್ಲಿ 215/75 ಆರ್ 15 ಎಂದು ಬರೆದಿರುತ್ತದೆ. 215 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಬದಿಗೋಡೆಯ ಎತ್ತರ ಆ ಅಗಲದ ನೂರಕ್ಕೆ 75ರಷ್ಟು, ಅಂದರೆ 161.25 ಮಿ.ಮೀ. 15 ಎಂಬುದು ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಅದು 381 ಮಿ.ಮೀ. ರಿಮ್ಮಿನ ಮೇಲೊಂದು ಕೆಳಗೊಂದು ಬದಿಗೋಡೆ ಸೇರಿಸಿದರೆ ಟಯರಿನ ಪೂರ್ತಿ ಅಡ್ಡಳತೆ 703.5 ಮಿ.ಮೀ. ಇದರ ಬದಲು 235/75 ಆರ್ 15 ಹಾಕಿದರೆ 733.5 ಆಗುತ್ತದೆ, ನೂರಕ್ಕೆ 4.3ರಷ್ಟು ಹೆಚ್ಚು. ಜೀಪಿನ ಹುಡುಗರು ಆಸೆಪಡುವ 31 ಇಂಚಿನ ಟಯರಾದರೆ 787.4, ಹೆಚ್ಚಳ ನೂರಕ್ಕೆ ಸುಮಾರು 12. ಮುಳ್ಳು 80 ತೋರಿಸುವಾಗ ಮೊದಲನೆಯದರಲ್ಲಿ ಜೀಪು 83.4ರಲ್ಲಿಯೂ, ಎರಡನೆಯದರಲ್ಲಿ 89.5ರಲ್ಲಿಯೂ ಓಡುತ್ತಿರುತ್ತದೆ. ಕೇರಳದ ರಸ್ತೆಗಳಲ್ಲಿ 2023ರ ಜೂನಿನಿಂದ ದಂಡ ಹಾಕತೊಡಗಿದ ಕ್ಯಾಮೆರಾದ ಮುಂದೆ "ನನ್ನ ಮೀಟರು 80 ತೋರಿಸಿತ್ತು" ಎಂದರೆ ನಡೆಯದು. ದಂಡದ ಮಾತು ಬಿಡಿ, ತಿರುವಿನಲ್ಲಿ ಎಂಬತ್ತೆಂದು ನಂಬಿ ಬ್ರೇಕು ಒತ್ತುವವನಿಗೆ ಆ ಒಂಬತ್ತು ಕಿಲೋಮೀಟರು ಸಣ್ಣದಲ್ಲ.

ರಿಮ್ಮು ದೊಡ್ಡದಾದರೆ ಟಯರೂ ದೊಡ್ಡದಾಯಿತೆಂದು ಮಾತ್ರ ತಿಳಿಯಬಾರದು. ಮಾರುತಿ ಸ್ವಿಫ್ಟಿಗೆ ಕಂಪೆನಿಯೇ 165/80 ಆರ್ 14 ಮತ್ತು 185/65 ಆರ್ 15 ಎಂಬ ಎರಡು ಅಳತೆಗಳನ್ನು ಕೊಟ್ಟದ್ದುಂಟು. ಲೆಕ್ಕ ಹಾಕಿ ನೋಡಿ: 619.6 ಮತ್ತು 621.5. ರಿಮ್ಮು ಒಂದು ಇಂಚು ಬೆಳೆದರೂ ಬದಿಗೋಡೆ ಕುಗ್ಗಿ ವ್ಯತ್ಯಾಸವನ್ನು ನುಂಗಿಹಾಕಿದೆ. ಇದಕ್ಕೆ ಪ್ರತಿಯಾಗಿ, ಮಾರುತಿ 800ರ 145/70 ಆರ್ 12ರ ಬದಲು ಆಲ್ಟೋದ 145/80 ಆರ್ 12 ಹಾಕಿದರೆ ಅದೇ ರಿಮ್ಮು, ಅದೇ ಅಗಲ, ಆದರೂ ನೂರಕ್ಕೆ 5.7ರಷ್ಟು ವ್ಯತ್ಯಾಸ. ನಡುವಿನ ಆ ಅಂಕಿಯನ್ನು ಅಂಗಡಿಯಲ್ಲಿ ಕೇಳದೆ ಬರುವವರೇ ಹೆಚ್ಚು.

ಕಾಗದದ ಲೆಕ್ಕಕ್ಕಿಂತ ನೆಲದ ಲೆಕ್ಕ ಒಳ್ಳೆಯದು, ಏಕೆಂದರೆ ಭಾರ ಬಿದ್ದಾಗ ಟಯರು ಕೆಳಗೆ ತುಸು ಚಪ್ಪಟೆಯಾಗುತ್ತದೆ. ಗಾಳಿ ಸರಿಯಾಗಿ ತುಂಬಿಸಿ, ಚಾಲಕನನ್ನು ಕೂರಿಸಿ, ಟಯರಿನ ಮೇಲೂ ನೆಲದ ಮೇಲೂ ಸೀಮೆಸುಣ್ಣದ ಗೀಟು ಹಾಕಬೇಕು. ಐದು ಸುತ್ತು ಉರುಳುವಷ್ಟು ಗಾಡಿಯನ್ನು ನೇರವಾಗಿ ತಳ್ಳಿ, ದೂರವನ್ನು ಟೇಪಿನಲ್ಲಿ ಅಳೆದು ಐದರಿಂದ ಭಾಗಿಸಬೇಕು. ಹಳೆಯ ಟಯರಿಗೂ ಹೊಸ ಟಯರಿಗೂ ಹೀಗೆ ಮಾಡಿದರೆ ವಾದಕ್ಕೆ ಜಾಗವಿರುವುದಿಲ್ಲ.

ನಂಗವಳ್ಳಿಯ ಹುಡುಗನ ತೊಡಕು ಇಷ್ಟಕ್ಕೇ ಮುಗಿಯುವಂಥದಲ್ಲ. ಅವನ ಮೀಟರು ಬೇರೆ ಗಾಡಿಯದು. ಹಳೆಯ ಇಂಗ್ಲಿಷ್ ಮೀಟರುಗಳ ಮುಖದ ಮೇಲೆ ಒಂದು ಮೈಲಿಗೆ ಕೇಬಲ್ಲು ಎಷ್ಟು ಸುತ್ತು ತಿರುಗಬೇಕೆಂಬ ಅಂಕಿ ಸಣ್ಣದಾಗಿ ಅಚ್ಚಾಗಿರುತ್ತದೆ. ಅದು 1000 ಎಂದಿದ್ದರೆ ಕಿಲೋಮೀಟರಿಗೆ 621 ಸುತ್ತು. ಕೇಬಲ್ಲನ್ನು ಮೀಟರಿನಿಂದ ಬಿಚ್ಚಿ, ಅದರ ತುದಿಗೆ ರಟ್ಟಿನ ಕಡ್ಡಿ ಸಿಕ್ಕಿಸಿ, ಗಾಡಿಯನ್ನು ಸರಿಯಾಗಿ 20 ಮೀಟರು ತಳ್ಳಿದರೆ ಕಡ್ಡಿ 12.4 ಸುತ್ತು ತಿರುಗಬೇಕು. ಒಂದೇ ಚಕ್ರವನ್ನು ಜಾಕಿಯಲ್ಲಿ ಎತ್ತಿ ತಿರುಗಿಸಿ ಎಣಿಸುವವರು ಎಚ್ಚರದಿಂದಿರಬೇಕು: ಡಿಫರೆನ್ಷಿಯಲ್ಲಿನ ಕಾರಣದಿಂದ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ.

ಸುತ್ತು ಕಡಿಮೆ ಬಂದರೆ ಗೇರ್‌ಬಾಕ್ಸಿನಲ್ಲಿ ಕೇಬಲ್ಲನ್ನು ತಿರುಗಿಸುವ ಸಣ್ಣ ಹಲ್ಲುಗಾಲಿಯನ್ನು ಬದಲಿಸುವುದುಂಟು. 20 ಹಲ್ಲಿನದರ ಜಾಗಕ್ಕೆ 19 ಹಲ್ಲಿನದು ಬಂದರೆ ಕೇಬಲ್ಲು ನೂರಕ್ಕೆ 5.3ರಷ್ಟು ಬೇಗ ತಿರುಗುತ್ತದೆ. 235ರ ಟಯರಿಗೆ ಇದು ಒಂದು ಅಂಶದಷ್ಟು ಹೆಚ್ಚಾಯಿತು, ಆದರೆ ಹೆಚ್ಚಾದದ್ದು ಒಳ್ಳೆಯ ಕಡೆಗೆ. ವಿಶ್ವಸಂಸ್ಥೆಯ 39ನೆಯ ವಾಹನ ನಿಯಮದ ಪ್ರಕಾರ ಮೀಟರು ನಿಜ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಲು ಮಾತ್ರ ಹತ್ತನೆಯ ಒಂದು ಭಾಗ ಮತ್ತು ಮೇಲೆ 4 ಕಿಲೋಮೀಟರಿನ ವಿನಾಯಿತಿ ಇದೆ.

ದೊಡ್ಡ ಟಯರು ಹಾಕಿದ ಮೇಲೆ ಮೈಲೇಜು ಬಿದ್ದಿತೆಂದು ಗೋಳಾಡುವವರಿಗೆ ಒಂದು ಮಾತು. 31 ಇಂಚಿನ ಟಯರಿನಲ್ಲಿ 10,000 ಕಿಲೋಮೀಟರು ಓಡಿದರೆ ಮೀಟರು ಸುಮಾರು 8,935 ಎಂದಷ್ಟೇ ಬರೆದುಕೊಳ್ಳುತ್ತದೆ. ಬಿದ್ದ ಮೈಲೇಜಿನಲ್ಲಿ ಒಂದು ಪಾಲು ಮೀಟರಿನ ಸುಳ್ಳು; ಆಯಿಲು ಬದಲಿಸುವ ದಿನವೂ ಅಷ್ಟೇ ತಡವಾಗುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ರೂಪ ಬದಲಿಸುವುದಕ್ಕೆ ಕಡಿವಾಣ ಹಾಕಿದೆ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಹೇಳಿದೆ. ಆದ್ದರಿಂದ ಆಯ್ಕೆ ಕಂಪೆನಿ ಒಪ್ಪಿದ ಅಳತೆಗಳ ಒಳಗೇ ನಡೆಯಬೇಕು, ಹಣ ಕೊಡುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಬೇಕು.

ಹುಡುಗ ಕೊನೆಗೆ 31 ಇಂಚಿನ ಆಸೆ ಬಿಟ್ಟು 215ರ ಟಯರಿಗೇ ಒಪ್ಪಿಕೊಂಡ. ನಾಲ್ಕು ಸಾಕೋ ಐದು ಬೇಕೋ ಎಂದು ಕೇಳಿದ. ಐದೂ ಒಂದೇ ಅಳತೆಯದಿರಲಿ ಎಂದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಜೀಪಿನಲ್ಲಿ ಹಿಂದೆ ಮುಂದೆ ಬೇರೆ ಬೇರೆ ಅಳತೆ ಇದ್ದರೆ ಮೀಟರಿಗಿಂತ ಮೊದಲು ಸವೆಯುವುದು ನಡುವಿನ ಗೇರುಗಳು. ಸ್ಟೆಪ್ನಿಯೂ ಈ ಲೆಕ್ಕಕ್ಕೆ ಸೇರಿದ್ದೇ.