ಕಡಲಾಚೆಯ ಪಯಣಕ್ಕೆ ಮುನ್ನ

ಶಿರಾದಿಂದಾಗಲಿ, ಮಳೆಯನ್ನು ನೆಚ್ಚಲಾಗದ ಪಾವಗಡದಿಂದಾಗಲಿ, ನೆರೆಯ ಮಧುಗಿರಿ, ಕೊರಟಗೆರೆಗಳಿಂದಾಗಲಿ, ಹಜ್ ಯಾತ್ರೆಗೆಂದೋ ಕೊಲ್ಲಿ ರಾಷ್ಟ್ರಗಳಲ್ಲಿ ಜೀವನೋಪಾಯಕ್ಕೆಂದೋ ಹೊರಡತಕ್ಕವರು ಮೊದಲು ನೋಡಬೇಕಾದುದು ಪಾಸ್‌ಪೋರ್ಟಿನ ಅವಧಿಯನ್ನು. ಅದು ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಅನೇಕ ದೇಶಗಳು ಪ್ರವೇಶವನ್ನು ನಿರಾಕರಿಸುತ್ತವೆ. ಹಜ್ ಯಾತ್ರಿಕರಾದರೋ ಮಿದುಳುಪೊರೆಯ ಜ್ವರಕ್ಕೆ ಪ್ರತಿಬಂಧಕವಾದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮುಂಚಿತವಾಗಿಯೇ ಹಾಕಿಸಿಕೊಂಡು, ಅದರ ಪ್ರಮಾಣಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳಬೇಕು.

ದುಡಿಮೆಗೆ ಹೋಗುವವರ ವಿಷಯ ಇನ್ನೂ ಸೂಕ್ಷ್ಮವಾದದ್ದು. ಹತ್ತನೆಯ ತರಗತಿಯನ್ನು ಮುಗಿಸದವರು ಸೌದಿ ಅರೇಬಿಯ, ಕುವೈತ್ ಮೊದಲಾದ ನಿರ್ದಿಷ್ಟ ದೇಶಗಳಿಗೆ ಉದ್ಯೋಗಾರ್ಥವಾಗಿ ತೆರಳುವಾಗ, 1983ರ ವಲಸೆ ಅಧಿನಿಯಮದ ಪ್ರಕಾರ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿಯನ್ನು ಪಡೆಯತಕ್ಕದ್ದು. ಇದನ್ನು ವೃಥಾ ಕಾಲಹರಣವೆಂದು ಬಗೆದು, ಪ್ರವಾಸಿ ವೀಸಾದಲ್ಲಿಯೇ ಕಳುಹಿಸಿ ಅಲ್ಲಿ ಕೆಲಸ ಕೊಡಿಸುವೆನೆನ್ನುವ ದಲ್ಲಾಳಿಯನ್ನು ನಂಬಿದವನಿಗೆ ಕರಾರಿನ ಆಧಾರವೂ ಇಲ್ಲ, ಕಾನೂನಿನ ಆಶ್ರಯವೂ ಇಲ್ಲ. ನೋಂದಾಯಿತ ಏಜೆಂಟನು ಸೇವಾಶುಲ್ಕವೆಂದು ಮೂವತ್ತು ಸಾವಿರ ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಕೊಟ್ಟ ಹಣಕ್ಕೆ ರಸೀತಿಯನ್ನು ಕೇಳಲು ಸಂಕೋಚವೇತಕ್ಕೆ? ಅನುಮತಿಯೊಡನೆ ಹೋಗುವವರಿಗೆ ಹತ್ತು ಲಕ್ಷ ರೂಪಾಯಿಗಳ ಪ್ರವಾಸಿ ಭಾರತೀಯ ವಿಮೆಯೂ ದೊರೆಯುತ್ತದೆ.

ಗಂಟುಮೂಟೆಯ ವಿಚಾರದಲ್ಲಿ ತಾಯಂದಿರಿಗೊಂದು ಮಾತು: ಪಾಯಸಕ್ಕೆಂದು ಮಗನ ಚೀಲದಲ್ಲಿ ಗಸಗಸೆಯನ್ನು ಮಾತ್ರ ಕಟ್ಟಿಡಬೇಡಿ. ನಮ್ಮಲ್ಲಿ ಹಬ್ಬದ ಸಾಮಗ್ರಿಯಾದ ಅದು ಅಫೀಮಿನ ಗಿಡದ ಬೀಜವಾದ್ದರಿಂದ ಸೌದಿ ಅರೇಬಿಯ, ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ನಿಷಿದ್ಧ, ಸೆರೆಮನೆಗೂ ಕಾರಣವಾದೀತು. ನಿತ್ಯದ ಔಷಧಗಳಿದ್ದರೆ ವೈದ್ಯರ ಚೀಟಿಯೊಡನೆ ಒಯ್ಯಬೇಕು. ಪಾಸ್‌ಪೋರ್ಟ್, ವೀಸಾ, ಕರಾರುಪತ್ರಗಳ ಪ್ರತಿಗಳನ್ನೂ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನೂ ಮನೆಯವರ ಬಳಿ ಬಿಟ್ಟು ಹೊರಡಬೇಕು.