ಮೋಟಾರಿನ ಬೆನ್ನಿಗೊಂದು ಮನೆ

ಮನೆಯನ್ನೇ ಕಟ್ಟಿಕೊಂಡು ಊರೂರು ಸುತ್ತುವ ಹವ್ಯಾಸವು ಇಂಗ್ಲೆಂಡಿನಲ್ಲಿ ಹಳೆಯದು. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯನು ‘ವಾಂಡರರ್’ ಎಂಬ ವಾಸದ ಬಂಡಿಯನ್ನು ಮಾಡಿಸಿ, ಕುದುರೆ ಹೂಡಿಸಿ ದೇಶಸಂಚಾರ ಹೊರಟನು. ಈಗ ಕುದುರೆಯ ಸ್ಥಾನಕ್ಕೆ ಮೋಟಾರು ಬಂದಿದೆ. ಬಂಡಿಗೆ ಕ್ಯಾರವಾನ್ ಎಂದು ಹೆಸರು. ಅಲ್ಲಿ ನೆಲೆಸಿದ ಮಕ್ಕಳ ಬಳಿಗೆ ಹೋಗಿ ಇಂತಹ ಬಂಡಿಯಲ್ಲಿ ರಜವನ್ನು ಕಳೆಯುವ ವಾಚಕರೂ ಇರಬಹುದಾದುದರಿಂದ, ಅದನ್ನು ಕ್ಷೇಮವಾಗಿ ಎಳೆದೊಯ್ಯುವ ಕ್ರಮವನ್ನು ಕುರಿತು ನಾಲ್ಕು ಮಾತು ಬರೆಯುತ್ತೇವೆ.

ಗಾಡಿಗೆ ಹೇರು ಹೇರುವ ನಮ್ಮ ರೈತನಿಗೆ ಇದರ ಮರ್ಮವು ಹೊಸದಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ. ಇಲ್ಲಿಯೂ ಅದೇ ಲೆಕ್ಕ. ಕ್ಯಾರವಾನಿನ ಮೂತಿಯು ಮೋಟಾರಿನ ಕೊಂಡಿಯ ಮೇಲೆ ಊರುವ ಭಾರವು, ಸಾಮಾನುಸಹಿತವಾದ ಬಂಡಿಯ ತೂಕದಲ್ಲಿ ನೂರಕ್ಕೆ 5ರಿಂದ 7ರಷ್ಟಿರಬೇಕೆಂದು ಬಲ್ಲವರ ಮತ. 1,000 ಕಿಲೋಗ್ರಾಂ ತೂಗುವ ಬಂಡಿಗೆ ಇದು 50ರಿಂದ 70 ಕಿಲೋಗ್ರಾಂ ಆಯಿತು. ಮೋಟಾರಿನ ತಯಾರಕರು ವಿಧಿಸಿದ ಮಿತಿಯು ಇದಕ್ಕೂ ಕಡಮೆಯಿದ್ದರೆ ಅದನ್ನು ಮೀರಕೂಡದು. ಭಾರವಾದ ಪದಾರ್ಥಗಳು ಅಚ್ಚಿನ ಸಮೀಪದಲ್ಲಿ, ನೆಲದ ಮಟ್ಟದಲ್ಲಿರಲಿ. ಮೇಲಣ ಗೂಡುಗಳಿಗೆ ಬಟ್ಟೆಬರೆ ಸಾಕು. ಅಕ್ಕಿಯ ಚೀಲವನ್ನೂ ಉಪ್ಪಿನಕಾಯಿಯ ಜಾಡಿಯನ್ನೂ ಹಿಂಬದಿಯ ಕಪಾಟಿಗೆ ತುರುಕಿದರೆ ಕೇಡನ್ನು ಕರೆದಂತೆಯೇ. ತುಂಬಿದ ಬಂಡಿಯ ತೂಕವು ಮೋಟಾರಿನ ಬರಿಯ ತೂಕದಲ್ಲಿ ನೂರಕ್ಕೆ 85ನ್ನು ಮೀರದಿರಲೆಂಬುದು ಹೊಸಬರಿಗೆ ಹೇಳುವ ಬುದ್ಧಿವಾದ. ಇದು ಕಾನೂನಲ್ಲ, ಆದರೂ ಪಾಲಿಸತಕ್ಕದ್ದೆಂದು ನಮ್ಮ ಅಭಿಪ್ರಾಯ.

ಕೇಡೆಂದರೆ ಯಾವುದು? ಹಿಂಭಾರದ ಬಂಡಿಯು ಇಳಿಜಾರಿನಲ್ಲಿಯೋ, ಅಡ್ಡಗಾಳಿ ಬೀಸಿದಾಗಲೋ, ದೊಡ್ಡ ಲಾರಿಯು ಪಕ್ಕದಲ್ಲಿ ಹಾದುಹೋದಾಗಲೋ ಹಾವಿನಂತೆ ಅತ್ತಿತ್ತ ಬಾಲ ಬಡಿಯಲು ತೊಡಗುತ್ತದೆ. ವೇಗ ಹೆಚ್ಚಿದಷ್ಟೂ ತೂಗಾಟವು ಹೆಚ್ಚಿ, ಕಡೆಗೆ ಮೋಟಾರನ್ನೂ ಎಳೆದುಕೊಂಡು ಮಗುಚುವುದುಂಟು. ಆಗ ಗಾಬರಿಯಿಂದ ಬ್ರೇಕನ್ನು ಒತ್ತುವುದಾಗಲಿ, ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದಾಗಲಿ, ವೇಗದಿಂದ ಪಾರಾಗುವೆನೆಂಬ ಸಾಹಸವಾಗಲಿ ಸಲ್ಲದು. ಚಕ್ರವನ್ನು ನೇರವಾಗಿ ಹಿಡಿದು, ವೇಗದ ಮೆಟ್ಟಿನಿಂದ ಮೆಲ್ಲನೆ ಕಾಲು ತೆಗೆದರೆ ಬಂಡಿಯು ತಾನಾಗಿ ಹದಕ್ಕೆ ಬರುವುದು. ಅನಂತರ ನಿಂತು, ಸಾಮಾನನ್ನು ಹೊಸದಾಗಿ ಜೋಡಿಸಬೇಕು.

ಬ್ರಿಟನ್ನಿನ ನಿಯಮದಂತೆ ಬಂಡಿ ಎಳೆಯುವ ಮೋಟಾರು ಸಾಮಾನ್ಯ ರಸ್ತೆಗಳಲ್ಲಿ ಗಂಟೆಗೆ 50 ಮೈಲಿಯನ್ನೂ, ಮೋಟಾರು ಹೆದ್ದಾರಿಗಳಲ್ಲಿ 60 ಮೈಲಿಯನ್ನೂ ಮೀರುವಂತಿಲ್ಲ. ಹೊರಡುವ ಮುನ್ನ ಕೊಂಡಿ ಕಚ್ಚಿದೆಯೇ, ಹಿಂದೀಪಗಳು ಉರಿಯುತ್ತವೆಯೇ, ಟೈರುಗಳಲ್ಲಿ ಗಾಳಿ ಸರಿಯಾಗಿದೆಯೇ ಎಂದು ನೋಡತಕ್ಕದ್ದು. ಒಂದು ಸಣ್ಣ ಉಕ್ಕಿನ ತಂತಿಯು ಬಂಡಿಯ ಬ್ರೇಕನ್ನು ಮೋಟಾರಿಗೆ ಕಟ್ಟಿರುತ್ತದೆ. ಕೊಂಡಿ ಕಳಚಿದರೆ ಅದು ಬ್ರೇಕನ್ನು ಜಗ್ಗಿ ಆಮೇಲೆ ತುಂಡಾಗುವುದು. ಅದನ್ನು ಸಿಕ್ಕಿಸಲು ಮರೆಯಕೂಡದು.

ಮಗು ಹಾಸಿಗೆಯಲ್ಲಿ ನಿದ್ರಿಸುತ್ತಿದೆಯೆಂದು ಅದನ್ನು ಅಲ್ಲಿಯೇ ಬಿಟ್ಟು ಬಂಡಿ ಎಳೆಯಬಾರದು. ಎಲ್ಲರೂ ಮೋಟಾರಿನಲ್ಲಿ, ಸೊಂಟಪಟ್ಟಿ ಬಿಗಿದು ಕುಳಿತ ಮೇಲೆಯೇ ಪ್ರಯಾಣ.